ಅಪ್ಪನ 1,400 ಪುಸ್ತಕಗಳ ಪಟ್ಟಿ ಆನ್‌ಲೈನ್‌ನಲ್ಲಿ ಮಾಡಬೇಕು, ಸ್ಕ್ಯಾನ್ ಮಾಡಿದರೆ ಸಿಗುತ್ತಿಲ್ಲ. ದಾರಿ ಹೇಳಿ

ಅಮಾನಿಕೆರೆ_ದಡ
ಎಲ್ಲರಿಗೂ ನಮಸ್ಕಾರ. ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮ ಮನೆ. ಅಪ್ಪ ಮೇಷ್ಟ್ರಾಗಿದ್ದರು. ಹೋದ ವರ್ಷ ತೀರಿಕೊಂಡರು. ಹಾಲ್‌ನಲ್ಲಿ ಎರಡು ಬೀರು, ರೂಮಿನಲ್ಲಿ ಒಂದು ಮರದ ರ‍್ಯಾಕ್, ಅಟ್ಟದ ಮೇಲೆ ಐದು ರಟ್ಟಿನ ಪೆಟ್ಟಿಗೆ, ಎಲ್ಲದರಲ್ಲೂ ಅವರ ಪುಸ್ತಕ. ಎಣಿಸಿದೆ, ಹತ್ತಿರ ಹತ್ತಿರ 1,400 ಇವೆ. ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಇಂಗ್ಲಿಷ್, ಒಂದಷ್ಟು ತೆಲುಗು ಮತ್ತು ಸಂಸ್ಕೃತ.

ನಾವು ಮೂವರು ಮಕ್ಕಳು ಮೂರು ಊರಲ್ಲಿದ್ದೇವೆ. ಮನೆಯಲ್ಲಿ ಯಾವ ಪುಸ್ತಕ ಇದೆ ಅಂತ ಎಲ್ಲರೂ ಕೂತಲ್ಲೇ ನೋಡುವ ಹಾಗೆ ಒಂದು ಪಟ್ಟಿ ಬೇಕು. ಮೊಬೈಲ್‌ನಲ್ಲಿ ಬಾರ್‌ಕೋಡ್ ತೋರಿಸಿದರೆ ಸಾಕು, ಎಲ್ಲಾ ವಿವರ ತಾನೇ ಬರುತ್ತದೆ ಅಂತ ತಮ್ಮ ಹೇಳಿದ. ಭಾನುವಾರ 60 ಪುಸ್ತಕ ಕೆಳಗಿಳಿಸಿಕೊಂಡು ಕೂತೆ. ಇಂಗ್ಲಿಷ್ ಪುಸ್ತಕಗಳು ಟಕ್ ಟಕ್ ಅಂತ ಬಂದವು. ಕನ್ನಡದವು 41 ಇದ್ದವು. ಅದರಲ್ಲಿ ಬಾರ್‌ಕೋಡ್ ಇದ್ದದ್ದೇ 9ಕ್ಕೆ. ಆ 9ರಲ್ಲಿ ಸಿಕ್ಕಿದ್ದು 3. ಅದರಲ್ಲೂ ಒಂದಕ್ಕೆ ಬೇರೆ ಯಾವುದೋ ಪುಸ್ತಕದ ಹೆಸರು ಬಂತು.

ಹೀಗೇ ಆದರೆ ಮುಗಿಯುವುದು ಯಾವಾಗ? ಯಾರಾದರೂ ಮನೆಯ ಕನ್ನಡ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಪಟ್ಟಿ ಮಾಡಿದ್ದೀರಾ? ಯಾವ ಆ್ಯಪ್, ಎಷ್ಟು ದಿನ ಹಿಡಿಯಿತು, ಮೊದಲೇ ಏನು ತಿಳಿದಿರಬೇಕಿತ್ತು, ದಯವಿಟ್ಟು ಹೇಳಿ.

ಗುಬ್ಬಿ_ಗೇಟ್
ಸರ್, ಗುಡ್‌ರೀಡ್ಸ್ ಹಾಕಿಕೊಳ್ಳಿ. ಸುಲಭ.

ಕೊಬ್ಬರಿ_ಸೀಮೆ
ಗುಡ್‌ರೀಡ್ಸ್ ಓದಿದ್ದು, ಓದಬೇಕಾದ್ದು ಬರೆದಿಡಲು ಚೆನ್ನಾಗಿದೆ. ಮನೆಯ ಬೀರುವಿನಲ್ಲಿ ಏನಿದೆ ಅನ್ನುವುದಕ್ಕೆ ಲೈಬ್ರರಿಥಿಂಗ್ ಅನ್ನುವ ಸೈಟ್ ವಾಸಿ. 2005ರಿಂದ ಇದೆ. ಮೊದಲು 200 ಪುಸ್ತಕದ ತನಕ ಮಾತ್ರ ಉಚಿತವಿತ್ತು, 2020ರಿಂದ ಎಷ್ಟು ಬೇಕಾದರೂ ಹಾಕಬಹುದು. ತಿಪಟೂರಿನ ನಮ್ಮ ಮನೆಯ 600 ಪುಸ್ತಕ ಅದರಲ್ಲೇ ಇವೆ. ಸ್ಕ್ಯಾನ್‌ನಲ್ಲಿ ಸಿಗದಿದ್ದರೆ ಕೈಯಲ್ಲೇ ಟೈಪ್ ಮಾಡಿ ಸೇರಿಸಬಹುದು, ಕನ್ನಡದಲ್ಲೇ ಹೆಸರು ಕೊಡಬಹುದು.

ಅಮಾನಿಕೆರೆ_ದಡ
ಧನ್ಯವಾದ. ಸರ್ ಅಲ್ಲ, ಮೇಡಂ :)

ಗುಬ್ಬಿ_ಗೇಟ್
ಕ್ಷಮಿಸಿ ಮೇಡಂ.

ಹಳೇ_ಲೈಬ್ರೇರಿಯನ್
ಮೂವತ್ತು ವರ್ಷ ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸ್ಕ್ಯಾನ್ ಯಾಕೆ ಸಿಗುವುದಿಲ್ಲ ಅನ್ನುವುದನ್ನು ಮೊದಲು ಹೇಳುತ್ತೇನಮ್ಮ.

ಬಾರ್‌ಕೋಡ್‌ನಲ್ಲಿ ಪುಸ್ತಕದ ಹೆಸರು ಇರುವುದಿಲ್ಲ. ಅಲ್ಲಿರುವುದು ಐಎಸ್‌ಬಿಎನ್ ಅನ್ನುವ ಒಂದು ನಂಬರ್ ಅಷ್ಟೆ. ಆ್ಯಪ್ ಆ ನಂಬರ್ ಹಿಡಿದು ಎಲ್ಲೋ ಇರುವ ದೊಡ್ಡ ಪಟ್ಟಿಯಲ್ಲಿ ಹುಡುಕುತ್ತದೆ. ಪ್ರಕಾಶಕರು ಆ ಪಟ್ಟಿಗೆ ವಿವರ ಕಳಿಸಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಎಷ್ಟೋ ಸಣ್ಣ ಪ್ರಕಾಶಕರು ನಂಬರ್ ತೆಗೆದುಕೊಳ್ಳುತ್ತಾರೆ, ಅಚ್ಚು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಕೆಲವರು ಒಂದೇ ನಂಬರನ್ನು ಎರಡು ಪುಸ್ತಕಕ್ಕೆ ಹಾಕಿರುವುದನ್ನೂ ಕಂಡಿದ್ದೇನೆ. ನಿಮಗೆ ಬೇರೆ ಪುಸ್ತಕದ ಹೆಸರು ಬಂದದ್ದು ಹಾಗೇ ಇರಬಹುದು.

ಐಎಸ್‌ಬಿಎನ್ ಜಗತ್ತಿನಲ್ಲಿ ಜಾರಿಗೆ ಬಂದದ್ದೇ 1970ರ ಸುಮಾರಿಗೆ. ಕನ್ನಡ ಪುಸ್ತಕಗಳಿಗೆ ಬರಲು ಇನ್ನೂ ತಡವಾಯಿತು. 2007ಕ್ಕೆ ಮೊದಲು ಅದು 10 ಅಂಕಿ ಇತ್ತು, ಆಮೇಲೆ 13 ಆಯಿತು. ಭಾರತದ್ದಾದರೆ 978-81 ಅಥವಾ 978-93 ಅಂತ ಶುರುವಾಗುತ್ತದೆ. ನಿಮ್ಮ ತಂದೆಯವರ ಕಾಲದ ಪುಸ್ತಕಗಳಲ್ಲಿ ಬಹುಪಾಲಿಗೆ ನಂಬರೇ ಇರುವುದಿಲ್ಲ. ಹಾಗಾಗಿ ಸ್ಕ್ಯಾನ್ ನಂಬಿಕೊಂಡು ಕೂರಬೇಡಿ. ಕೈಯಲ್ಲಿ ಬರೆಯುವ ಕೆಲಸ ಇದು.

ತಟ್ಟೆ_ಇಡ್ಲಿ
1,400 ಕೈಯಲ್ಲಾ!! ಅಯ್ಯೋ ದೇವರೇ.

ಎಕ್ಸೆಲ್_ಅಕ್ಕ
ಭಯ ಬೀಳುವಂಥದ್ದೇನೂ ಇಲ್ಲ. ದಿನಕ್ಕೆ 20 ಆದರೆ 70 ದಿನ. ನಾನು ಹೀಗೇ ಮುಗಿಸಿದೆ.

ನನ್ನ ಸಲಹೆ ಬೇರೆ. ಯಾವ ಸೈಟ್ ಆದರೂ ಸರಿ, ಮೊದಲು ಗೂಗಲ್ ಶೀಟ್‌ನಲ್ಲಿ ಮಾಡಿ. ಆಮೇಲೆ ಬೇಕಾದ ಕಡೆ ಏರಿಸಿ. ಕಾರಣ ಹೇಳುತ್ತೇನೆ. ಹತ್ತು ವರ್ಷದ ಹಿಂದೆ ನಾನು ಒಂದು ಸೈಟ್‌ನಲ್ಲಿ 300 ಪುಸ್ತಕ ಹಾಕಿದ್ದೆ. ಅವರು ಅಂಗಡಿ ಮುಚ್ಚಿದರು. ಮೇಲ್ ಕಳಿಸಿದ್ದರಂತೆ, ನಾನು ನೋಡಿರಲಿಲ್ಲ. ಎಲ್ಲವೂ ಹೋಯಿತು. ಅವತ್ತಿನಿಂದ ನನ್ನ ಪಟ್ಟಿ ನನ್ನ ಹತ್ತಿರ ಇರಬೇಕು ಅಂತ ಹಟ.

ಶೀಟ್ ಮಾಡುವಾಗ ಒಂದು ಎಚ್ಚರ. ಐಎಸ್‌ಬಿಎನ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಕೊಳ್ಳಿ. ಇಲ್ಲದಿದ್ದರೆ 13 ಅಂಕಿ ಇರುವ ಕಡೆ ಎಕ್ಸೆಲ್ 9.78ಇ+12 ಅಂತ ತೋರಿಸುತ್ತದೆ. ಹಳೆಯ ಇಂಗ್ಲಿಷ್ ಪುಸ್ತಕಗಳ 10 ಅಂಕಿಯ ನಂಬರ್ ಎಷ್ಟೋ ಸಲ ಸೊನ್ನೆಯಿಂದ ಶುರುವಾಗುತ್ತದೆ, ಆ ಸೊನ್ನೆಯನ್ನು ನುಂಗಿಬಿಡುತ್ತದೆ. ಕೊನೆಯಲ್ಲಿ ಎಕ್ಸ್ ಅಕ್ಷರ ಇದ್ದರೆ ತಪ್ಪು ಅಂದುಕೊಂಡು ಅಳಿಸಬೇಡಿ. ಅದು ಹತ್ತು ಅನ್ನುವುದರ ಗುರುತು, ಇರಬೇಕಾದದ್ದೇ.

ಕೊಬ್ಬರಿ_ಸೀಮೆ
ಅಕ್ಕ, ಲೈಬ್ರರಿಥಿಂಗ್‌ನಿಂದಲೂ ಪೂರ್ತಿ ಪಟ್ಟಿ ಇಳಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಇಳಿಸಿಕೊಂಡರೆ ಆಯಿತು.

ಎಕ್ಸೆಲ್_ಅಕ್ಕ
ತಿಂಗಳಿಗೊಮ್ಮೆ ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ. ಇಳಿಸಿದ ಪಟ್ಟಿ ಸಿಎಸ್‌ವಿ ಅನ್ನುವ ಸಾದಾ ಫೈಲ್ ಆಗಿ ಬರುತ್ತದೆ, ಅದನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಏನೇನೋ ಗುರುತುಗಳಾಗಿ ಕಾಣುತ್ತದೆ. ಜನ ಹೆದರಿ ಫೈಲೇ ಕೆಟ್ಟಿದೆ ಅಂತ ಅಳಿಸುತ್ತಾರೆ. ಕೆಟ್ಟಿರುವುದಿಲ್ಲ. ಡೇಟಾ ಮೆನುಗೆ ಹೋಗಿ, ಕನ್ನಡ ಅಕ್ಷರ ಸರಿಯಾಗಿ ಓದಿಕೊಳ್ಳುವ ಯುಟಿಎಫ್-8 ಅಂತ ಆರಿಸಿ ತೆರೆಯಬೇಕು.

ಶಿರಾ_ಕಡೆಯವನು
ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹುಡುಕುವುದು ಸುಲಭ. ಕನ್ನಡ ಟೈಪಿಂಗ್ ಎಲ್ಲರಿಗೂ ಬರಲ್ಲ.

ಮಧುಗಿರಿ_ಬೆಟ್ಟ
ಇದನ್ನು ಒಪ್ಪುವುದಿಲ್ಲ. ಕನ್ನಡ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಬರೆಯದೆ ಇನ್ನೇನು? ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನ ಯಾವುದು, ಣ ಯಾವುದು? ಲ ಯಾವುದು, ಳ ಯಾವುದು? ಒಬ್ಬರು ಒಂದು 'ಎ' ಹಾಕುತ್ತಾರೆ, ಇನ್ನೊಬ್ಬರು ಎರಡು. ಆಮೇಲೆ ನೀವೇ ಬರೆದದ್ದು ನಿಮಗೇ ಸಿಗುವುದಿಲ್ಲ.

ಹಳೇ_ಲೈಬ್ರೇರಿಯನ್
ಮಧುಗಿರಿಯವರು ಹೇಳಿದ್ದು ಸರಿ. ಆದರೆ ಶಿರಾದವರ ಮಾತಿನಲ್ಲೂ ಒಂದು ಅಂಶ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ದೆಹಲಿಯಲ್ಲಿ 1962ರಿಂದ ಒಂದು ಕಚೇರಿ ಇದೆ. ನಮ್ಮ ದೇಶದ ಭಾಷೆಗಳ ಪುಸ್ತಕ ಕೊಂಡು, ಪಟ್ಟಿ ಮಾಡಿ ಕಳಿಸುವುದೇ ಅದರ ಕೆಲಸ. ಹಾಗಾಗಿ ಇಲ್ಲಿ ಎಲ್ಲೂ ಸಿಗದ ಎಷ್ಟೋ ಕನ್ನಡ ಪುಸ್ತಕಗಳ ವಿವರ ಅಲ್ಲಿ ಅಚ್ಚುಕಟ್ಟಾಗಿ ಇದೆ: ಪುಟ ಎಷ್ಟು, ವರ್ಷ ಯಾವುದು, ಊರು ಯಾವುದು. ಆದರೆ ಅವರು ಬರೆದಿರುವುದು ರೋಮನ್ ಲಿಪಿಯಲ್ಲಿ. ದೀರ್ಘಕ್ಕೆ ಮೇಲೊಂದು ಗೆರೆ, ಣ ಳ ಗಳಿಗೆ ಕೆಳಗೊಂದು ಚುಕ್ಕಿ. ಲೈಬ್ರರಿಥಿಂಗ್ ಅಲ್ಲಿಂದಲೂ ವಿವರ ತರುತ್ತದೆ. ನೀವು ಕನ್ನಡದಲ್ಲಿ ಹುಡುಕಿದರೆ ಸಿಗದ್ದು, ಹೆಸರನ್ನು ರೋಮನ್‌ನಲ್ಲಿ ಕೊಟ್ಟರೆ ಸಿಗಬಹುದು. ತಂದ ಮೇಲೆ ಹೆಸರನ್ನು ಕನ್ನಡಕ್ಕೆ ತಿದ್ದಿಕೊಳ್ಳಿ. ಎರಡೂ ಇರಲಿ ಅಂದರೆ ಎರಡು ಕಾಲಂ ಮಾಡಿ.

ಶಿರಾ_ಕಡೆಯವನು
ಎರಡು ಕಾಲಂ ಒಪ್ಪಿದೆ.

ಎಕ್ಸೆಲ್_ಅಕ್ಕ
ಕನ್ನಡದಲ್ಲಿ ಬರೆಯುವಾಗ ಸೊನ್ನೆಯ ಬಗ್ಗೆ ಹುಷಾರು! ಅನುಸ್ವಾರದ ಸೊನ್ನೆ ಬೇರೆ, ಕನ್ನಡ ಅಂಕಿಯ ಸೊನ್ನೆ ಬೇರೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನನ್ನ ಮಗ ಒಂದು ಬೀರು ಪೂರ್ತಿ ಅಂಕಿಯ ಸೊನ್ನೆ ಹಾಕಿ ಟೈಪ್ ಮಾಡಿದ್ದ. 'ಕಾದಂಬರಿ' ಅಂತ ಹುಡುಕಿದರೆ ಒಂದೂ ಬರಲಿಲ್ಲ. ಎದುರಿಗೇ ಕಾಣುತ್ತಿದೆ, ಹುಡುಕಿದರೆ ಇಲ್ಲ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು.

ಇನಿಷಿಯಲ್ ಕೂಡ ಹಾಗೇ. ದ.ರಾ.ಬೇಂದ್ರೆ ಅಂತ ಒತ್ತೊತ್ತಾಗಿ ಬರೆದದ್ದು, ದ. ರಾ. ಬೇಂದ್ರೆ ಅಂತ ಜಾಗ ಬಿಟ್ಟು ಬರೆದದ್ದು, ಕಂಪ್ಯೂಟರ್‌ಗೆ ಇಬ್ಬರು ಬೇರೆ ಬೇರೆ ಜನ. ಒಂದೇ ಕ್ರಮ ಇಟ್ಟುಕೊಳ್ಳಿ.

ಮಧುಗಿರಿ_ಬೆಟ್ಟ
ಬೇಂದ್ರೆಯವರ ಪದ್ಯಗಳ ಮೇಲೆ ಅಂಬಿಕಾತನಯದತ್ತ ಅಂತ ಇದ್ದರೆ? ಮಾಸ್ತಿಯವರ ಹಳೆಯ ಪುಸ್ತಕದ ಮೇಲೆ ಶ್ರೀನಿವಾಸ ಅಂತ ಇರುತ್ತದೆ. ಯಾವುದು ಬರೆಯಬೇಕು?

ಹಳೇ_ಲೈಬ್ರೇರಿಯನ್
ಮುಖಪುಟದಲ್ಲಿ ಹೇಗಿದೆಯೋ ಹಾಗೇ ಒಂದು ಕಡೆ. ಪಕ್ಕದಲ್ಲಿ ನೀವು ಯಾವ ಹೆಸರಿನಿಂದ ಹುಡುಕುತ್ತೀರೋ ಅದು.

ಮಾಸ್ತಿಯವರ ಮಾತು ಬಂದದ್ದಕ್ಕೆ ಇನ್ನೊಂದು. ಈ ಸಾಫ್ಟ್‌ವೇರ್‌ಗಳೆಲ್ಲ ಹೆಸರಿನ ಕೊನೆಯ ಪದ ಮನೆತನದ ಹೆಸರು ಅಂತ ತಿಳಿದು ಅದನ್ನು ಮುಂದೆ ತರುತ್ತವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಂತ ಕೊಟ್ಟರೆ 'ಅಯ್ಯಂಗಾರ್' ಅಡಿಯಲ್ಲಿ ಹೋಗಿ ಕೂರುತ್ತದೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಊರು ಮಾಸ್ತಿ. ಕನ್ನಡಿಗರೆಲ್ಲ ಅವರನ್ನು ಊರಿನ ಹೆಸರಿನಿಂದಲೇ ಕರೆಯುವುದು. ಅಯ್ಯಂಗಾರ್ ಅಂತ ಯಾರು ಹುಡುಕುತ್ತಾರೆ? ನಮ್ಮ ಜಿಲ್ಲೆಯ ತೀ.ನಂ.ಶ್ರೀ. ನೋಡಿ. ತೀರ್ಥಪುರ ಊರು, ನಂಜುಂಡಯ್ಯ ತಂದೆ, ಶ್ರೀಕಂಠಯ್ಯ ಅವರು. ಇದರಲ್ಲಿ ಮನೆತನದ ಹೆಸರು ಯಾವುದು? ಇಲ್ಲವೇ ಇಲ್ಲ. ಹಾಗಾಗಿ ಹೆಸರನ್ನು ಕನ್ನಡದ ರೂಢಿಯಂತೆ ಇಡಿ, ತಿರುಗಿಸಲು ಬಿಡಬೇಡಿ.

ಕುಣಿಗಲ್_ಕೆರೆ
ನನಗೆ ಒಂದು ಅರ್ಥವಾಗುತ್ತಿಲ್ಲ. ಇಷ್ಟೆಲ್ಲಾ ಯಾಕೆ? ಒಳ್ಳೆ ಪುಸ್ತಕ ನಾಲ್ಕು ಇಟ್ಟುಕೊಂಡು ಉಳಿದದ್ದು ಲೈಬ್ರರಿಗೆ ಕೊಟ್ಟುಬಿಡಿ. ಓದುವವರಿಗೆ ಆಗುತ್ತದೆ.

ತಟ್ಟೆ_ಇಡ್ಲಿ
ಅವರು ಕೇಳಿದ್ದು ಪಟ್ಟಿ ಹೇಗೆ ಅಂತ. ಕೊಡಬೇಕಾ ಬೇಡವಾ ಅಂತ ಅಲ್ಲ.

ಕುಣಿಗಲ್_ಕೆರೆ
ಹೇಳಬಾರದಾ? ನಮ್ಮ ತಾತನ ಪುಸ್ತಕ ನಾವು ಕೊಡದೆ ಇಟ್ಟುಕೊಂಡು, ಕೊನೆಗೆ ಎರಡು ಪೆಟ್ಟಿಗೆ ಗೆದ್ದಲು ತಿಂದಿತು. ಆ ನೋವಿಗೆ ಹೇಳಿದ್ದು.

ಹಳೇ_ಲೈಬ್ರೇರಿಯನ್
ನಿಮ್ಮ ಮಾತು ತಪ್ಪಲ್ಲ. ಆದರೆ ಕೊಡುವುದಕ್ಕೂ ಪಟ್ಟಿ ಬೇಕು. ಪಟ್ಟಿ ಇಲ್ಲದೆ ಮೂಟೆ ಕಟ್ಟಿ ತಂದುಕೊಟ್ಟರೆ ಯಾವ ಲೈಬ್ರರಿಯಲ್ಲೂ ಅದನ್ನು ಬಿಚ್ಚಲು ಜನ ಇರುವುದಿಲ್ಲ. ಮೂಲೆಯಲ್ಲಿ ಕೂತಿರುತ್ತದೆ. ಪಟ್ಟಿ ತಂದರೆ ನಮ್ಮಲ್ಲಿ ಇಲ್ಲದ್ದನ್ನು ಗುರುತು ಹಾಕಿ ಅಷ್ಟನ್ನೇ ತೆಗೆದುಕೊಳ್ಳುತ್ತಿದ್ದೆವು.

ಕುಣಿಗಲ್_ಕೆರೆ
ಅದು ಸರಿ.

ಶಿರಾ_ಕಡೆಯವನು
ಗೆದ್ದಲಿಗೆ ನುಸಿಗುಳಿಗೆ ಹಾಕಿ. ನಾವು ಪ್ರತಿ ಸಾಲಿಗೆ ನಾಲ್ಕು ಹಾಕುತ್ತೇವೆ.

ಮಧುಗಿರಿ_ಬೆಟ್ಟ
ನುಸಿಗುಳಿಗೆಗೆ ಗೆದ್ದಲು ಹೆದರುವುದಿಲ್ಲ. ಅದು ಬಟ್ಟೆ ಹುಳಕ್ಕೆ. ಮಲಗುವ ಕೋಣೆಯಲ್ಲಂತೂ ಇಡಲೇಬೇಡಿ, ಆ ವಾಸನೆ ಒಳ್ಳೆಯದಲ್ಲ. ಗೆದ್ದಲು ಬರುವುದು ಗೋಡೆಯಿಂದ, ನೆಲದಿಂದ. ರ‍್ಯಾಕನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು ಇಡಿ. ತಿಂಗಳಿಗೊಮ್ಮೆ ಹಿಂದೆ ಟಾರ್ಚ್ ಬಿಟ್ಟು ನೋಡಿ. ಮಣ್ಣಿನ ಗೆರೆ ಕಂಡರೆ ಅವತ್ತೇ ಕ್ರಮ ತೆಗೆದುಕೊಳ್ಳಿ.

ಕೊಬ್ಬರಿ_ಸೀಮೆ
ನಮ್ಮ ಅಜ್ಜಿ ಒಣಗಿಸಿದ ಬೇವಿನ ಎಲೆ ಇಡುತ್ತಿದ್ದರು.

ಮಧುಗಿರಿ_ಬೆಟ್ಟ
ಹಸಿ ಎಲೆ ಮಾತ್ರ ಇಡಬೇಡಿ. ತೇವ ಪುಸ್ತಕಕ್ಕೆ ಇಳಿಯುತ್ತದೆ.

ಅಮಾನಿಕೆರೆ_ದಡ
ಎಷ್ಟೊಂದು ಹೇಳಿದ್ದೀರಿ, ಎಲ್ಲರಿಗೂ ಧನ್ಯವಾದ. ಗೂಗಲ್ ಶೀಟ್‌ನಲ್ಲೇ ಶುರು ಮಾಡಿದೆ. ಅಟ್ಟದ ಪೆಟ್ಟಿಗೆಯಿಂದಲೇ ಮೊದಲು, ಗೆದ್ದಲಿನ ಭಯ ಅಲ್ಲೇ ಜಾಸ್ತಿ.

ಈಗ ಹೊಸ ತೊಡಕು. ಹತ್ತು ಹನ್ನೆರಡು ಪುಸ್ತಕಗಳಿಗೆ ಮೊದಲ ಪುಟವೇ ಇಲ್ಲ, ಹರಿದು ಹೋಗಿದೆ. ವರ್ಷ ಯಾವುದು ಅಂತ ಹೇಗೆ ಬರೆಯುವುದು?

ಅಚ್ಚುಮೊಳೆ
ಇದು ನನ್ನ ವಿಷಯ, ಹೇಳುತ್ತೇನೆ. ನಮ್ಮ ತಂದೆ ಪ್ರೆಸ್ ಇಟ್ಟಿದ್ದರು. ಮೊಳೆ, ಅಂದರೆ ಲೋಹದ ಅಚ್ಚಿನ ಅಕ್ಷರ, ಜೋಡಿಸುವ ಕೆಲಸ ನೋಡಿಕೊಂಡೇ ಬೆಳೆದೆ.

ಮೊದಲು ಬೆಲೆ ಹುಡುಕಿ. ಹಿಂದಿನ ರಟ್ಟಿನ ಮೇಲೆ, ಒಳಗಿನ ಜಾಹೀರಾತಿನ ಪುಟದಲ್ಲಿ ಎಲ್ಲಾದರೂ ಇರುತ್ತದೆ. ರೂ. 2-8-0 ಅಂತ ಮೂರು ಭಾಗ ಇದ್ದರೆ ಅದು ರೂಪಾಯಿ, ಆಣೆ, ಪೈ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅಂದರೆ ಪುಸ್ತಕ ಹೆಚ್ಚುಕಮ್ಮಿ ಅದಕ್ಕಿಂತ ಹಿಂದಿನದು. ರೂ. 2-50 ಅಂತ ಇದ್ದರೆ ಆಮೇಲಿನದು.

ಆಮೇಲೆ ವಿಳಾಸ. 'ಮೈಸೂರು ರಾಜ್ಯ' ಅಂತ ಇದ್ದರೆ 1973ರ ನವೆಂಬರ್‌ಗೆ ಮುಂಚಿನದು. 'ಕರ್ನಾಟಕ' ಅಂತ ಮಾತ್ರ ಇದ್ದರೆ ಅವಸರದಲ್ಲಿ ತೀರ್ಮಾನ ಮಾಡಬೇಡಿ, ಆ ಹೆಸರನ್ನು ಮೊದಲಿಂದಲೂ ಬಳಸುತ್ತಿದ್ದರು. 'ಬೆಂಗಳೂರು-4' ಅಂತ ಗಿಡ್ಡ ನಂಬರ್ ಇದ್ದರೆ ಹಳೆಯದು, ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಪಿನ್ ಕೋಡ್ ಬಂದದ್ದೇ ಅವತ್ತು. ಆದರೆ ಅಭ್ಯಾಸ ಬಲದಿಂದ ಗಿಡ್ಡ ನಂಬರನ್ನೇ ಆಮೇಲೂ ಹಾಕುತ್ತಿದ್ದರು. ಹಾಗಾಗಿ ಆರು ಅಂಕಿ ಇದ್ದರೆ ಖಚಿತ, ಇಲ್ಲದಿದ್ದರೆ ಊಹೆ.

ಕೊನೆಗೆ ಬೆರಳು. ಪುಟದ ಹಿಂಬದಿಯಲ್ಲಿ ಕಣ್ಣು ಮುಚ್ಚಿ ಬೆರಳಾಡಿಸಿ. ಮೊಳೆಯಲ್ಲಿ ಅಚ್ಚಾದದ್ದಾದರೆ ಅಕ್ಷರ ಒತ್ತಿದ ಗುರುತು ಸಣ್ಣಗೆ ಉಬ್ಬಿರುತ್ತದೆ. ಮೊಳೆ ಇಲ್ಲದೆ ಪ್ಲೇಟ್‌ನಿಂದ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಾದರೆ ನುಣ್ಣಗೆ. ಮೊಳೆಯಲ್ಲಿ ಅಚ್ಚಾದ ಪುಸ್ತಕದಲ್ಲಿ ಒಂದೊಂದು ಅಕ್ಷರ ಸ್ವಲ್ಪ ಮೇಲೆ ಕೆಳಗೆ ಕೂತಿರುವುದೂ ಕಾಣುತ್ತದೆ. ಒತ್ತಕ್ಷರ ಮುರಿದು ಅರ್ಧ ಬಿದ್ದಿರುತ್ತದೆ. ನಮ್ಮಪ್ಪ ಒಂದು ಪುಟ ನೋಡಿ ಯಾವ ಪ್ರೆಸ್ಸಿನ ಮೊಳೆ ಅಂತ ಹೇಳುತ್ತಿದ್ದರು.

ತಟ್ಟೆ_ಇಡ್ಲಿ
ಈಗಲೇ ಎದ್ದು ಹೋಗಿ ಬೆರಳಾಡಿಸಿ ಬಂದೆ. ನಿಜ, ಉಬ್ಬಿದೆ!

ಹಳೇ_ಲೈಬ್ರೇರಿಯನ್
ಅಚ್ಚುಮೊಳೆಯವರೇ, ತುಂಬಾ ಒಳ್ಳೆಯ ಮಾಹಿತಿ. ಒಂದು ಸೇರಿಸುತ್ತೇನೆ. ಇಂಟರ್‌ನೆಟ್ ಆರ್ಕೈವ್ ಅನ್ನುವ ಸೈಟ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಬಹಳ ಇವೆ. ನಿಮ್ಮ ಪ್ರತಿಯಲ್ಲಿ ಹರಿದ ಪುಟ ಅಲ್ಲಿ ಇರಬಹುದು. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದ ಹಾಗೆ ಬರೆದಿದ್ದಾರೆ, ನಾಲ್ಕೈದು ಥರ ಬರೆದು ಹುಡುಕಿ.

ಅಲ್ಲಿಂದ ವರ್ಷ ತೆಗೆದುಕೊಳ್ಳುವಾಗ ಮುದ್ರಣ ಒಂದೇನಾ ಅಂತ ನೋಡಿಕೊಳ್ಳಿ. ಪುಟದ ಸಂಖ್ಯೆ, ಸಾಲು ಎಲ್ಲಿ ಮುರಿಯುತ್ತದೆ ಅನ್ನುವುದು ಎರಡರಲ್ಲೂ ಹೊಂದಬೇಕು. ಊಹೆಯಿಂದ ಬರೆದ ವರ್ಷಕ್ಕೆ ಮುಂದೆ ಪ್ರಶ್ನೆ ಚಿಹ್ನೆ ಹಾಕಿ. ಮುಂದೆ ನೋಡುವವರಿಗೆ ಗೊತ್ತಾಗಬೇಕು.

ಗುಬ್ಬಿ_ಗೇಟ್
ನಾವೂ ಮನೆಯ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಹಾಕಬಹುದಾ ಹಾಗಾದರೆ?

ಹಳೇ_ಲೈಬ್ರೇರಿಯನ್
ಪಟ್ಟಿ ಹಾಕಲು ಯಾರ ಅಪ್ಪಣೆಯೂ ಬೇಡ. ಪೂರ್ತಿ ಪುಸ್ತಕ ಹಾಕುವುದು ಬೇರೆ. ನಮ್ಮ ಕಾನೂನಿನಲ್ಲಿ ಲೇಖಕರು ಇರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಇನ್ನು 60 ವರ್ಷ ಹಕ್ಕು ಅವರ ಕಡೆಯವರದ್ದು. ಅನುವಾದವಾದರೆ ಅನುವಾದಕರ ಹಕ್ಕೂ ಇರುತ್ತದೆ.

ಕೊಬ್ಬರಿ_ಸೀಮೆ
ಪುಸ್ತಕದ ಮೇಲೆ ನಂಬರ್ ಹೇಗೆ ಹಾಕುತ್ತೀರಿ? ನಾನು ಬೆನ್ನಿಗೆ ಚೀಟಿ ಅಂಟಿಸಿ ಮೇಲೆ ಸೆಲ್ಲೋಟೇಪ್ ಹಾಕಿದ್ದೆ. ನಾಲ್ಕೇ ವರ್ಷಕ್ಕೆ ಹಳದಿಯಾಗಿ ಬಿಟ್ಟುಕೊಂಡಿತು, ಬೆನ್ನಿನ ಬಣ್ಣವೂ ಅದರ ಜೊತೆ ಬಂತು.

ಹಳೇ_ಲೈಬ್ರೇರಿಯನ್
ಟೇಪ್ ಬೇಡವೇ ಬೇಡ. ಒಳಪುಟದ ಮೇಲಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆಯಿರಿ. ಕೈಗೆ ಸಿಕ್ಕ ಕ್ರಮದಲ್ಲಿ 1, 2, 3 ಅಂತ. ನಾವು ಅಕ್ಸೆಷನ್ ನಂಬರ್ ಅನ್ನುತ್ತೇವೆ. ಮಧ್ಯೆ ಪುಸ್ತಕ ಬಂದರೂ ಹೋದರೂ ನಂಬರ್ ಬದಲಾಯಿಸಬಾರದು.

ಶಿರಾ_ಕಡೆಯವನು
ಲೈಬ್ರರಿಗಳಲ್ಲಿ ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿ ಹಾಕಿದರೆ ವಿಷಯವಾರು ಬರುತ್ತದಲ್ಲ ಸರ್?

ಹಳೇ_ಲೈಬ್ರೇರಿಯನ್
ದೊಡ್ಡ ಲೈಬ್ರರಿಗೆ ಸರಿ. ಡ್ಯೂಯಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರ ಸಾಲು ಪೂರ್ತಿ ಇದೆ. ಕನ್ನಡ ಸಾಹಿತ್ಯಕ್ಕೆ 894.814. ಸಾವಿರ ವರ್ಷದ ಸಾಹಿತ್ಯ, ಚುಕ್ಕೆಯ ಆಚೆ ಮೂರು ಅಂಕಿ. ಮನೆಯ ಸಾವಿರ ಕನ್ನಡ ಪುಸ್ತಕದಲ್ಲಿ ಅರ್ಧಕ್ಕೆ ಒಂದೇ ನಂಬರ್ ಹಾಕಿಕೊಂಡು ಏನು ಉಪಯೋಗ? ಕಥೆ, ಕವನ, ನಾಟಕ, ವಚನ, ಪುರಾಣ, ಶಾಲೆಯ ಪುಸ್ತಕ ಅಂತ ನಿಮ್ಮ ಮಾತಿನಲ್ಲೇ ಒಂದು ಕಾಲಂ ಇಡಿ. ಯಾವ ಬೀರು, ಎಷ್ಟನೇ ಸಾಲು ಅಂತ ಇನ್ನೊಂದು. ಸಾಕು.

ಎಕ್ಸೆಲ್_ಅಕ್ಕ
'ಯಾರು ತೆಗೆದುಕೊಂಡು ಹೋದರು, ಯಾವತ್ತು' ಅಂತ ಒಂದು ಕಾಲಂ ಕಡ್ಡಾಯ ಇಡಿ. ಇದು ನನ್ನ ಅನುಭವದ ಮಾತು.

ತಟ್ಟೆ_ಇಡ್ಲಿ
ನನ್ನ ಮೂರು ಪುಸ್ತಕ ಕ್ಯಾತ್ಸಂದ್ರದಲ್ಲಿ ಒಬ್ಬ ಗೆಳೆಯನ ಮನೆಯಲ್ಲಿವೆ. ಎಂಟು ವರ್ಷ ಆಯಿತು. ಕೇಳಿದರೆ "ನಿಂದಾ ಅದು?" ಅನ್ನುತ್ತಾನೆ.

ಗುಬ್ಬಿ_ಗೇಟ್
ಕ್ಯಾತ್ಸಂದ್ರಕ್ಕೆ ಹೋದಾಗ ತಟ್ಟೆ ಇಡ್ಲಿ ತಿಂದು ಪುಸ್ತಕ ಮರೆತು ಬರುತ್ತೀರಿ ಅನಿಸುತ್ತದೆ.

ತಟ್ಟೆ_ಇಡ್ಲಿ
ಈ ಸಲ ತಂದೇ ತರುತ್ತೇನೆ.

ಕುಣಿಗಲ್_ಕೆರೆ
ಆನ್‌ಲೈನ್ ಹಾಕುವಾಗ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ ಮೇಡಂ. ಮನೆ ವಿಳಾಸ, ಯಾವ ಪುಸ್ತಕ ಹಳೆಯದು, ಮನೆಯಲ್ಲಿ ಯಾರಿರುತ್ತಾರೆ ಅನ್ನುವುದೆಲ್ಲ ಒಂದೇ ಕಡೆ ಇರುವುದು ಸರಿಯಲ್ಲ. ಶೀಟ್ ಮನೆಯವರ ಮೇಲ್‌ಗೆ ಮಾತ್ರ ಕೊಡಿ. ತಿದ್ದುವ ಅವಕಾಶ ಒಬ್ಬಿಬ್ಬರಿಗೆ ಸಾಕು. ಉಳಿದವರು ನೋಡಲಿ.

ಅಮಾನಿಕೆರೆ_ದಡ
ಹಾಗೇ ಮಾಡಿದ್ದೇನೆ. ತಮ್ಮ ನೋಡಬಹುದು, ಅಕ್ಕ ಮತ್ತು ನಾನು ತಿದ್ದಬಹುದು.

ಅಮ್ಮನೂ ಸೇರಿಕೊಂಡಿದ್ದಾರೆ. ಅವರಿಗೆ ಟೈಪ್ ಮಾಡಲು ಬರುವುದಿಲ್ಲ. ಮೊಬೈಲ್‌ನ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಕೊಟ್ಟೆ. ಪುಸ್ತಕ ಕಣ್ಣಿಗೆ ಹತ್ತಿರ ಹಿಡಿದು, ಹೆಸರು, ಬರೆದವರು, ಎಷ್ಟನೇ ಮುದ್ರಣ ಅಂತ ನಿಧಾನವಾಗಿ ಹೇಳುತ್ತಾರೆ. ಅದು ಬರೆದುಕೊಳ್ಳುತ್ತದೆ. ಹಳಗನ್ನಡದ ಹೆಸರು ಬಂದರೆ ತಪ್ಪಾಗುತ್ತದೆ, ಅದನ್ನು ನಾನು ತಿದ್ದುತ್ತೇನೆ. ಒಂದು ಗಂಟೆಗೆ 15 ಆಗುತ್ತಿದೆ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಬೇರೆ. ನಿನ್ನೆ ಒಂದು ಪುಸ್ತಕದ ಕೊನೆ ಪುಟ ತಿರುಗಿಸಿದಾಗ ಕೆಳಗಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿತ್ತು: "ಕ್ಯಾತ್ಸಂದ್ರ ರೈಲ್ವೆ ಸ್ಟೇಷನ್, 4-6-78, ಗಾಡಿ ಎರಡು ಗಂಟೆ ತಡ." ಅಪ್ಪನ ಅಕ್ಷರ. ಓದಿ ಮುಗಿಸಿದ ದಿನ, ಜಾಗ ಬರೆದಿಟ್ಟಿದ್ದಾರೆ. ಆಗಲೇ ಪಟ್ಟಿ ಮಾಡಿ ಬದಿಗಿಟ್ಟ 28 ಪುಸ್ತಕಗಳನ್ನು ಮತ್ತೆ ತೆಗೆದು ನೋಡಿದೆ. 19ರಲ್ಲಿ ಇದೆ! ಒಂದರಲ್ಲಿ "ಜಿಲ್ಲಾ ಆಸ್ಪತ್ರೆ, ರಾತ್ರಿ 3" ಅಂತ ಇದೆ. ತಾರೀಖು ನಾನು ಹುಟ್ಟಿದ ದಿನದ್ದು.

ಅಪ್ಪ ಇದನ್ನು ಯಾವತ್ತೂ ಹೇಳಿರಲಿಲ್ಲ. ನಾವೂ ಕೊನೆ ಪುಟ ನೋಡಿರಲಿಲ್ಲ.

ಮಧುಗಿರಿ_ಬೆಟ್ಟ
ಓದಿ ಕಣ್ಣು ತುಂಬಿತು ಮೇಡಂ.

ಎಕ್ಸೆಲ್_ಅಕ್ಕ
ತಂಗಿ, ಅದಕ್ಕೆ ಈಗಲೇ ಒಂದು ಕಾಲಂ ಸೇರಿಸಿ. ಅವರು ಬರೆದ ಹಾಗೇ ಅಕ್ಷರ ಬಿಡದೆ ಬರೆಯಿರಿ. ತಾರೀಖಿಗೆ ಬೇರೆ ಕಾಲಂ, ಊರಿಗೆ ಬೇರೆ ಕಾಲಂ. ತಾರೀಖಿನ ಪ್ರಕಾರ ಜೋಡಿಸಿದರೆ ಅವರು ಯಾವ ವರ್ಷ ಎಲ್ಲಿದ್ದರು, ಏನು ಓದುತ್ತಿದ್ದರು ಅಂತ ಸಾಲಾಗಿ ಕಾಣುತ್ತದೆ. ಪುಟದ ಫೋಟೋ ತೆಗೆದು ಅದರ ಲಿಂಕ್ ಅದೇ ಸಾಲಿನಲ್ಲಿ ಇಡಿ, ಪೆನ್ಸಿಲ್ ಬರಹ ಉಜ್ಜಿ ಹೋಗುತ್ತದೆ.

ಹಳೇ_ಲೈಬ್ರೇರಿಯನ್
ಅಮ್ಮಾ, ಇಷ್ಟು ದಿನ ಹೆಸರು, ವರ್ಷ, ಪುಟ ಅಂತ ನಾನು ಹೇಳುತ್ತಾ ಬಂದೆ. ಅವೆಲ್ಲ ಇವತ್ತು ತಪ್ಪಿದರೂ ಇನ್ನೊಂದು ಪ್ರತಿ ನೋಡಿ ಸರಿ ಮಾಡಬಹುದು. ಈ ಪೆನ್ಸಿಲ್ ಗೆರೆ ನಿಮ್ಮ ಪ್ರತಿಯಲ್ಲಿ ಮಾತ್ರ ಇದೆ. ಅದನ್ನೇ ಮೊದಲು ಬರೆಯಿರಿ. ಉಳಿದದ್ದಕ್ಕೆ ನಿಧಾನವಾದರೂ ಚಿಂತೆಯಿಲ್ಲ. ಒಳಗೆ ಇಟ್ಟ ಬಸ್ ಟಿಕೆಟ್, ಕಾಗದದ ಚೂರು, ಆಲದೆಲೆ ಏನೇ ಸಿಕ್ಕಿದರೂ ಯಾವ ಪುಟದ ಮಧ್ಯೆ ಇತ್ತು ಅಂತ ಬರೆದು, ಬೇರೆ ಲಕೋಟೆಯಲ್ಲಿ ಹಾಕಿ ಅದೇ ನಂಬರ್ ಕೊಡಿ. ಪುಸ್ತಕದೊಳಗೆ ಬಿಟ್ಟರೆ ಕಲೆ ಹಿಡಿಯುತ್ತದೆ.

ಕುಣಿಗಲ್_ಕೆರೆ
ಕೊಟ್ಟುಬಿಡಿ ಅಂದಿದ್ದೆ. ಈ ಪುಸ್ತಕಗಳನ್ನು ಯಾರಿಗೂ ಕೊಡಬೇಡಿ.

ಅಚ್ಚುಮೊಳೆ
ಫೋಟೋ ತೆಗೆಯುವಾಗ ಲೈಟನ್ನು ಪಕ್ಕದಿಂದ ಬಿಡಿ, ಮೇಲಿಂದ ಬೇಡ. ಪೆನ್ಸಿಲ್ ಮಾಸಿದ್ದರೂ ಒತ್ತಿದ ಗುರುತು ನೆರಳಿನಲ್ಲಿ ಕಾಣುತ್ತದೆ.

ಅಮಾನಿಕೆರೆ_ದಡ
ಅಚ್ಚುಮೊಳೆಯವರು ಹೇಳಿದ ಹಾಗೆ ಮಾಡಿದೆ, ಚೆನ್ನಾಗಿ ಬಂತು. ಇವತ್ತಿಗೆ 44 ಆಯಿತು. 44ನೆಯದರಲ್ಲಿ ಊರಿನ ಹೆಸರು ಓದಲು ಆಗುತ್ತಿಲ್ಲ. ಫೋಟೋ ಹಾಕಿದ್ದೇನೆ. "ಹೆ" ಕಾಣುತ್ತದೆ, ಮುಂದೆ ಒತ್ತಕ್ಷರ ಇದೆ, ಆಮೇಲೆ ಮಾಸಿದೆ. ವರ್ಷ 74.

ಗುಬ್ಬಿ_ಗೇಟ್
ಹೆಗ್ಗೆರೆ ಇರಬೇಕು. ನಮ್ಮ ಗುಬ್ಬಿ ರಸ್ತೆಯದ್ದೇ.

ಅಚ್ಚುಮೊಳೆ
ಹೆಗ್ಗೆರೆ ಅಲ್ಲ. ಕೊನೆ ಅಕ್ಷರ ದೊಡ್ಡದು ಮಾಡಿ ನೋಡಿ, ಕೊಂಬು ಬಲಗಡೆ ಇಳಿದಿದೆ. ಅದರ ಹಿಂದಿನದಕ್ಕೂ ಕೊಂಬಿದೆ, ಉದ್ದ ಎಳೆದಿದ್ದಾರೆ. ಹೆಬ್ಬೂರು.

ಗುಬ್ಬಿ_ಗೇಟ್
ಹೌದು ಹೌದು, ಈಗ ಕಂಡಿತು. ಹೆಬ್ಬೂರೇ.

ಅಮಾನಿಕೆರೆ_ದಡ
ಅಮ್ಮನನ್ನು ಕೇಳಿದೆ. ಹೆಬ್ಬೂರೇ ಅಂತೆ. ಮದುವೆಗೆ ಮುಂಚೆ ಅಪ್ಪ ಅಲ್ಲಿನ ಒಂದು ಶಾಲೆಯಲ್ಲಿ ಎಂಟು ತಿಂಗಳು ಇದ್ದರಂತೆ, ಬಾಡಿಗೆ ರೂಮಿನಲ್ಲಿ. ನನಗೆ ಇದು ಗೊತ್ತೇ ಇರಲಿಲ್ಲ. 44ನೇ ಸಾಲಿಗೆ ಬರೆದೆ. ಮೂರನೇ ಪೆಟ್ಟಿಗೆ ನಾಳೆ ಇಳಿಸುತ್ತೇವೆ.